ಸ್ಟೇಜಿನ ಮೇಲೆ ಕೂತವರಿಗೂ ಕಿವಿ ಇದೆ: ಉತ್ಸವ, ನಾಟಕ ಮಾಡಿಸುವವರಿಗೆ ಒಂದು ಬಹಿರಂಗ ಪತ್ರ

ಗೆ,
ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಜಾತ್ರೆ, ಉತ್ಸವ, ನಾಟಕ ಮಾಡಿಸುವ ಸಮಿತಿಗಳ ಪದಾಧಿಕಾರಿಗಳಿಗೆ, ಆ ಕಾರ್ಯಕ್ರಮಗಳಿಗೆ ಅನುದಾನ ಮತ್ತು ಪರವಾನಗಿ ಕೊಡುವ ಅಧಿಕಾರಿಗಳಿಗೆ, ಸೌಂಡ್ ಸಿಸ್ಟಂ ಹಾಕುವ ಹುಡುಗರಿಗೆ

ಮಾನ್ಯರೇ,

ನಮಸ್ಕಾರ. ನಾನೊಬ್ಬ ಹಾರ್ಮೋನಿಯಂ ಮಾಸ್ತರ್. ವಯಸ್ಸು ಎಪ್ಪತ್ತು ದಾಟಿದೆ. ಕಂಪನಿ ನಾಟಕಗಳಲ್ಲಿ ಕಾಲು ಪೆಟ್ಟಿಗೆ (ಕಾಲಿನಿಂದ ತುಳಿದು ನುಡಿಸುವ ಹಾರ್ಮೋನಿಯಂ; ನಾವು ಹಾರ್ಮೋನಿಯಂಗೆ ಪೆಟ್ಟಿಗೆ ಅಂತಲೇ ಅನ್ನುವುದು) ತುಳಿದಿದ್ದೇನೆ, ಆಮೇಲೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸಿದ್ದೇನೆ, ಈಗಲೂ ಯಾರಾದರೂ ಕರೆದರೆ ಹೋಗಿ ನುಡಿಸುತ್ತೇನೆ. ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನಮ್ಮ ಕಸುಬಿನಲ್ಲಿ ಈ ಮಾತನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ಮುಂದಿನ ಜಾತ್ರೆಗೆ ಕರೆ ಬರುವುದಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡದ್ದನ್ನು ಊರೆಲ್ಲ ಹೇಳಿಕೊಂಡು ತಿರುಗುವ ಕಲಾವಿದ, ಕಿವಿ ಮಂದವಾದರೆ ಮನೆಯವಳಿಗೂ ಹೇಳುವುದಿಲ್ಲ. (ಅವಳಿಗೆ ಟಿವಿ ಸೌಂಡ್ ನೋಡಿಯೇ ಗೊತ್ತಾಗಿರುತ್ತದೆ, ಅದು ಬೇರೆ ಮಾತು.)

ಎರಡೂ ಜಿಲ್ಲೆಯವರಿಗೆ ಸೇರಿಸಿ ಬರೆಯಲು ಕಾರಣ ಇದೆ. 1997ರ ತನಕ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯೇ. ಜಿಲ್ಲೆ ಎರಡಾದರೂ ನಾಟಕದವರು, ಸೌಂಡಿನವರು, ನೋಡುವ ಜನ ಎಲ್ಲ ಬೆರೆತುಕೊಂಡೇ ಇದ್ದಾರೆ. ಹೊಳಲ್ಕೆರೆ ಕಡೆ ನುಡಿಸಿದ ಪೆಟ್ಟಿಗೆಯೇ ಮಾರನೇ ವಾರ ಹರಿಹರದ ಕಡೆ ಹೋಗಿರುತ್ತದೆ.

ವಯಸ್ಸಾದ ಮೇಲೆ ಕಿವಿ ಮಂದವಾಗುವುದು ಸಹಜ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ನನ್ನ ಕಿವಿ ಪೂರ್ತಿ ವಯಸ್ಸಿನಿಂದ ಹೋದದ್ದಲ್ಲ. ಕೆಲಸ ಮಾಡುವ ಜಾಗದಲ್ಲಿ ಹೋಗಿದೆ. ಆ ಜಾಗವನ್ನು ಸಿದ್ಧ ಮಾಡಿಸುವವರು ನೀವು, ಅದಕ್ಕೇ ಈ ಪತ್ರ ನಿಮಗೆ.

ಕಿವಿ ಪರೀಕ್ಷೆ ಮಾಡಿದಾಗ ಒಂದು ಹಾಳೆ ಕೊಡುತ್ತಾರೆ, ಆಡಿಯೋಗ್ರಾಂ ಅಂತ. ಸಾಮಾನ್ಯವಾಗಿ 250ರಿಂದ 8000 ಹರ್ಟ್ಸ್ (ಸ್ವರದ ಎತ್ತರದ ಅಳತೆ) ತನಕ ಬೇರೆ ಬೇರೆ ಸ್ವರ ಕೇಳಿಸಿ, ಎಷ್ಟು ಸಣ್ಣ ಸದ್ದು ನಮಗೆ ಕೇಳುತ್ತದೆ ಅಂತ ಗೆರೆ ಎಳೆಯುತ್ತಾರೆ. ಬರೀ ವಯಸ್ಸಿನಿಂದ ಮಂದವಾದರೆ ಆ ಗೆರೆ ಮೇಲಿನ ಸ್ವರಗಳ ಕಡೆ ಇಳಿಜಾರಾಗಿ ಇಳಿಯುತ್ತಾ ಹೋಗುತ್ತದೆ. ಜೋರು ಸದ್ದಿನ ಪೆಟ್ಟು ತಿಂದ ಕಿವಿಯಾದರೆ 4000 ಹರ್ಟ್ಸ್ ಹತ್ತಿರ ಒಂದು ಗುಂಡಿ ಬಿದ್ದು, 8000ದ ಹತ್ತಿರ ಸ್ವಲ್ಪ ಮೇಲೇಳುತ್ತದೆ. ನನ್ನ ಮೊದಲ ವರದಿಯಲ್ಲಿ ಆ ಗುಂಡಿ ಇದೆ. ಅದನ್ನು ನೋಡಿದ ಡಾಕ್ಟರು ಮೊದಲು ಕೇಳಿದ ಪ್ರಶ್ನೆಯೇ "ಮಿಲ್ಲಿನಲ್ಲಿ ಕೆಲಸ ಮಾಡ್ತಿದ್ರಾ?" ಅಂತ. ದಾವಣಗೆರೆ ಅಲ್ವಾ, ಹತ್ತಿ ಗಿರಣಿಯ ಊರು, ಕೇಳಿದ್ದರಲ್ಲಿ ತಪ್ಪೇನಿಲ್ಲ. ಮಗ್ಗದ ಹಾಲ್‌ನಲ್ಲಿ ದುಡಿದು ಕಿವುಡಾದ ಎಷ್ಟೋ ಹಿರಿಯರು ನಮ್ಮ ಓಣಿಗಳಲ್ಲಿದ್ದರು. ನಾಟಕದಲ್ಲಿ ಪೆಟ್ಟಿಗೆ ನುಡಿಸುತ್ತೇನೆ ಅಂದಾಗ ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

ಇಲ್ಲೊಂದು ಮಾತು ಹೇಳಲೇಬೇಕು. ಗಿರಣಿ ಕೆಲಸಗಾರನ ಕಿವಿಗೆ ಕಾಗದದ ಮೇಲಾದರೂ ಕಾನೂನು ಇತ್ತು. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸದ್ದಿನಿಂದ ಬರುವ ಕಿವುಡನ್ನೂ ಕೆಲಸದ ರೋಗ ಅಂತ ಸೇರಿಸಿದ್ದರು. ಎಷ್ಟು ಜನರಿಗೆ ಅದರ ಪ್ರಯೋಜನ ಸಿಕ್ಕಿತು ಅಂತ ಕೇಳಬೇಡಿ, ಕನಿಷ್ಠ ಅದು ರೋಗ, ಅದಕ್ಕೆ ಮಾಲೀಕ ಹೊಣೆ ಅನ್ನುವ ಮಾತು ಪುಸ್ತಕದಲ್ಲಿತ್ತು. ಹಾರ್ಮೋನಿಯಂ ಮಾಸ್ತರಿಗೆ, ತಬಲಾದವರಿಗೆ, ಡೊಳ್ಳಿನವರಿಗೆ, ಬ್ಯಾಂಡಿನವರಿಗೆ ಮಾಲೀಕ ಯಾರು? ಇವತ್ತು ಒಂದು ಸಮಿತಿ, ನಾಳೆ ಇನ್ನೊಂದು ಸಮಿತಿ. ಕಿವಿ ಹೋದದ್ದು ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಕಿವಿ ಹೋಗುವುದು ಅಂದರೆ ಎಲ್ಲ ಸದ್ದೂ ಸಮನಾಗಿ ಸಣ್ಣದಾಗುತ್ತದೆ ಅಂತ ಜನ ತಿಳಿದಿದ್ದಾರೆ. ಹಾಗಾಗಿದ್ದರೆ ಚಿಂತೆಯೇ ಇರಲಿಲ್ಲ, ವಾಲ್ಯೂಮ್ ಏರಿಸಿಕೊಂಡರೆ ಮುಗೀತು. ಕಿವಿಯ ಒಳಗೆ ಶಂಖದ ಆಕಾರದ ಒಂದು ಭಾಗವಿದೆ, ಅದರಲ್ಲಿ ಒಂದೊಂದು ಕಿವಿಗೂ ಸುಮಾರು 15 ಸಾವಿರ ಕೂದಲು ಕೋಶಗಳು. ಸದ್ದು ಬಂದರೆ ಅವು ಅಲುಗುತ್ತವೆ, ಆ ಅಲುಗಾಟವೇ ನರದ ಮೂಲಕ ಮಿದುಳಿಗೆ ಹೋಗುವುದು. ಎತ್ತರದ ಸ್ವರ ಹಿಡಿಯುವ ಕೋಶಗಳು ಬಾಗಿಲ ಹತ್ತಿರವೇ ಇವೆ, ಅವೇ ಮೊದಲು ಸಾಯುತ್ತವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಪೆಟ್ಟಿಗೆಯ ರೀಡ್ ಮುರಿದರೆ ಹೊಸದು ಹಾಕಿಸಬಹುದು, ಇದಕ್ಕೆ ರೀಡ್ ಎಲ್ಲೂ ಸಿಗುವುದಿಲ್ಲ.

ಇದರ ಪರಿಣಾಮ ಹೇಗಿರುತ್ತದೆ ನೋಡಿ. ಮೂರು ಸಪ್ತಕದ ಪೆಟ್ಟಿಗೆಯಲ್ಲಿ ಮೇಲಿನ ತುದಿಯ ಸ್ವರ ಕೂಡ 1000 ಹರ್ಟ್ಸ್ ಆಸುಪಾಸಿನದು. ಹಾಗಾಗಿ ಸ್ವರ ನನಗೆ ಕೇಳುತ್ತದೆ. ನಟ ಯಾವ ಶ್ರುತಿಯಲ್ಲಿದ್ದಾನೆ, ಜಾರಿದನಾ, ಏರಿದನಾ ಅನ್ನುವುದು ಇವತ್ತಿಗೂ ಗೊತ್ತಾಗುತ್ತದೆ. ಕೇಳಿಸದೆ ಹೋಗುವುದು ಮಾತು. ಸ, ಶ, ಚ, ತ, ಈ ಅಕ್ಷರಗಳ ಜೀವ ಇರುವುದು ಮೇಲಿನ ಸ್ವರಗಳಲ್ಲಿ. "ಸಾಕು" ಅಂದರೆ ನನಗೆ "ಆಕು" ಅಂತ ಕೇಳುತ್ತದೆ. ನಾಟಕ ಗೊತ್ತಿರುವವರಿಗೆ ಇದರ ಕಷ್ಟ ಅರ್ಥವಾಗುತ್ತದೆ: ದುರ್ಯೋಧನನ ಪಾತ್ರಧಾರಿ ಮಾತು ಮುಗಿಸಿ ಕಂದಪದ್ಯ ಎತ್ತಬೇಕು, ಆ ಮಾತಿನ ಕೊನೆಯ ಶಬ್ದ ಹಿಡಿದು ನಾನು ಶ್ರುತಿ ಕೊಡಬೇಕು, ಅದೇ ಶಬ್ದ ನನಗೆ ಕೇಳುವುದಿಲ್ಲ. ಒಂದು ಕ್ಷಣ ತಡವಾದರೆ ನಟ ನನ್ನ ಕಡೆ ತಿರುಗುತ್ತಾನೆ, ಅವನ ಹಿಂದೆ ಇಡೀ ಊರು ತಿರುಗುತ್ತದೆ.

ಇನ್ನೂ ಎರಡು ತೊಂದರೆ ಇವೆ, ಬೇಗ ಹೇಳಿ ಮುಗಿಸುತ್ತೇನೆ. ಸಣ್ಣ ಸದ್ದು ಕೇಳುವುದಿಲ್ಲ, ಜೋರು ಸದ್ದು ಬಂದರೆ ಮೊದಲಿಗಿಂತ ಹೆಚ್ಚು ಚುಚ್ಚುತ್ತದೆ. ಅದಕ್ಕೇ "ಜೋರಾಗಿ ಹೇಳು" ಅಂದವನೇ ಮರುಕ್ಷಣ "ಯಾಕೆ ಕಿರುಚ್ತೀಯ" ಅನ್ನುವುದು. ಮುದುಕರ ಸಿಡುಕು ಅಂತ ನಗಬೇಡಿ, ಅದು ಕಿವಿಯ ರೋಗದ ಗುಣ. ಇನ್ನೊಂದು, ಒಂದೇ ರೀಡ್ ಒತ್ತಿದರೆ ಎಡ ಕಿವಿಗೆ ಒಂದು ಸ್ವರ, ಬಲ ಕಿವಿಗೆ ಒಂದು ಚೂರು ಬೇರೆ ಸ್ವರ. ಪೆಟ್ಟಿಗೆ ರಿಪೇರಿಯವರು ರೀಡ್ ತೆಗೆದು ಒರೆಸಿ ನೋಡಿ "ಏನೂ ಆಗಿಲ್ಲ ಮಾಸ್ತರ್ರೇ" ಅಂದಾಗಲೇ ನನಗೆ ತಿಳಿದದ್ದು, ಕೆಟ್ಟಿರುವುದು ಪೆಟ್ಟಿಗೆ ಅಲ್ಲ ಅಂತ. ರಾತ್ರಿ ಕಿವಿಯಲ್ಲಿ ಕುಂಯ್ ಅನ್ನುವ ಸದ್ದಂತೂ ಇದ್ದೇ ಇದೆ, ಯಾವ ಶ್ರುತಿಗೂ ಸೇರದ ಸದ್ದು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ.

ನಾವು ಕಲಿತ ಕಾಲದ ನಾಟಕದಲ್ಲಿ ಸದ್ದು ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ತಗಡಿನ ಥಿಯೇಟರಿನಲ್ಲಿ, ಕಿವಿಯ ಪಕ್ಕದಲ್ಲೇ ತಬಲಾ ಇಟ್ಟುಕೊಂಡು, ದಿನಕ್ಕೆ ಎರಡು ಆಟ ನುಡಿಸುತ್ತಿದ್ದೆವು. ಮೈಕು ಬಂದ ಮೇಲೂ ಸ್ವಲ್ಪ ಕಾಲ ಅದರ ಹಾರ್ನ್ ಸ್ಪೀಕರ್ ಹೊರಗೆ ಜನರ ಕಡೆ ಮುಖ ಮಾಡಿರುತ್ತಿತ್ತು. ಆಮೇಲೆ ರಿದಂ ಪ್ಯಾಡ್, ಕೀಬೋರ್ಡ್ ಬಂದವು, ಆಳೆತ್ತರದ ಸ್ಪೀಕರ್ ಬಾಕ್ಸ್‌ಗಳು ಬಂದವು, ಬಾಕ್ಸಿನ ಮುಖ ಒಳಗೆ ತಿರುಗಿತು. ಈಗ ಸ್ಟೇಜಿನ ಮೇಲಿರುವವರಿಗೂ ಒಂದು ಜೋಡಿ ಬಾಕ್ಸ್ ಇಡುತ್ತಾರೆ, ಅದರ ಪಕ್ಕದಲ್ಲೇ ಹಾರ್ಮೋನಿಯಂನವರನ್ನು ಕೂರಿಸುತ್ತಾರೆ, ಯಾಕಂದ್ರೆ ಫೋಟೋದಲ್ಲಿ ನಡುವೆ ಇರಬೇಕಾದವರು ಅತಿಥಿಗಳು.

ನಮ್ಮ ಜಿಲ್ಲೆಯ ಒಂದು ಉತ್ಸವದಲ್ಲಿ (ಹೆಸರು ಬೇಡ, ಎಲ್ಲ ಕಡೆಯೂ ಇದೇ ಕಥೆ) ರಂಗಗೀತೆಗೆ ನಮ್ಮನ್ನು ಕೂರಿಸಿದ ಜಾಗದಿಂದ ಬಾಕ್ಸ್ ಕೈಗೆಟಕುವಷ್ಟು ಹತ್ತಿರ. ಸ್ವಲ್ಪ ಆ ಕಡೆ ಸರಿಸಪ್ಪಾ ಅಂತ ಕೇಳಿದೆ. ಆ ಹುಡುಗ ಮರ್ಯಾದೆಯಿಂದಲೇ ಹೇಳಿದ, "ಅಜ್ಜಾರೇ, ಬೇಸ್ ಇಲ್ಲ ಅಂದ್ರೆ ಜನ ಕೂರಲ್ಲ. ಕಮಿಟಿಯವರು ಬೈತಾರೆ." ಕಮಿಟಿಯವರನ್ನು ಕೇಳಿದರೆ "ಸೌಂಡಿನವರಿಗೆ ಗೊತ್ತು ಬಿಡಿ ಮಾಸ್ತರ್ರೇ, ಅವರು ಬೆಂಗಳೂರಿಂದ ಬಂದಿದ್ದಾರೆ" ಅಂದರು. ಜೊತೆಗಿದ್ದ ಶಿಷ್ಯ ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ತೆಗೆದು ನಾನು ಕೂತಲ್ಲಿ ಹಿಡಿದ. ಮುಳ್ಳು ನೂರು ಡೆಸಿಬಲ್ (ಸದ್ದಿನ ಜೋರಿನ ಅಳತೆ) ಮೇಲೆಯೇ ಆಡುತ್ತಿತ್ತು. ಮೊಬೈಲಿನ ಲೆಕ್ಕ ಕರಾರುವಾಕ್ಕಾಗಿ ಇರುವುದಿಲ್ಲ ಅಂತ ಒಪ್ಪುತ್ತೇನೆ. ಹತ್ತು ಕಳೆದರೂ ತೊಂಬತ್ತು ಉಳಿಯಿತಲ್ಲ.

ತೊಂಬತ್ತು, ನೂರು ಅಂದರೆ ಏನು ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ, ನನಗೂ ಮೊದಲು ಗೊತ್ತಿರಲಿಲ್ಲ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅಂತ ಕಿವಿಯ ತಜ್ಞರು ಲೆಕ್ಕ ಹಾಕಿದ್ದಾರೆ. ಅದರ ಮೇಲೆ ಪ್ರತಿ 3 ಡೆಸಿಬಲ್ ಏರಿದರೆ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, ಹೀಗೇ ಇಳಿದು 100ಕ್ಕೆ ಬಂದರೆ 15 ನಿಮಿಷ. ಹಳ್ಳಿಯ ನಾಟಕ ರಾತ್ರಿ ಹತ್ತಕ್ಕೆ ಶುರುವಾದರೆ ಮುಗಿಯುವುದು ಕೋಳಿ ಕೂಗಿದ ಮೇಲೆ. ನಟ ಅರ್ಧ ಗಂಟೆ ಬಂದು ಹಾಡಿ ಒಳಗೆ ಹೋಗುತ್ತಾನೆ, ಪ್ರೇಕ್ಷಕ ಎದ್ದು ಮಂಡಕ್ಕಿ ಮಿರ್ಚಿ ತಿಂದು ಬರುತ್ತಾನೆ. ಪೆಟ್ಟಿಗೆಯವನು, ತಬಲಾದವನು ಮಾತ್ರ ಬೆಳಗಿನ ತನಕ ಕೂತಲ್ಲೇ ಕೂತಿರಬೇಕು.

ಸದ್ದಿಗೆ ಕಾನೂನು ಇದೆಯಲ್ಲ ಅಂತ ನೀವು ಹೇಳಬಹುದು. ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಹಬ್ಬ ಮತ್ತು ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರ ತನಕ ಸರ್ಕಾರ ಸಡಿಲಿಕೆ ಕೊಡಬಹುದು, ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ಎಲ್ಲ ಸರಿ. ಆದರೆ ಈ ನಿಯಮದಲ್ಲಿ ಧ್ವನಿವರ್ಧಕದ ಸದ್ದಿಗೆ ಮಿತಿ ಇರುವುದು ಆ ಜಾಗದ ಗಡಿಯಲ್ಲಿ. ಪಕ್ಕದ ಮನೆಯವರ ನಿದ್ದೆ ಕಾಯುವ ನಿಯಮ ಅದು. ಸ್ಪೀಕರ್ ಎದುರು ಕೂತವನ ಕಿವಿ ಎಷ್ಟು ತಡೆಯುತ್ತದೆ ಅನ್ನುವುದು ಅದರ ಕೆಲಸವಲ್ಲ. ಪೊಲೀಸರು ಬಂದರೆ ನಾಟಕ ನಿಲ್ಲಿಸುತ್ತಾರೆ, ಅಷ್ಟೇ. ನಾನಂತೂ ನಾಟಕ ನಿಲ್ಲಲಿ ಅಂತ ಬರೆಯುತ್ತಿಲ್ಲ. ರಾತ್ರಿಯಿಡೀ ನಡೆಯುವ ಆಟವೇ ನನಗೆ ಅನ್ನ ಕೊಟ್ಟದ್ದು. ಆಟ ಬೆಳಗಿನ ತನಕ ಬೇಕು ಅನ್ನುವವರೇ ಸದ್ದು ಇಳಿಸಬೇಕು, ನನ್ನ ವಾದ ಇಷ್ಟು.

ಬೇರೆ ಕಡೆ ಏನು ಮಾಡಿದ್ದಾರೆ ಅಂತ ನೋಡಿ. ಬ್ರಿಟನ್ನಿನಲ್ಲಿ ಕೆಲಸದ ಜಾಗದ ಸದ್ದಿಗೆ 2005ರಲ್ಲಿ ಮಾಡಿದ ನಿಯಮ 2008ರಿಂದ ಸಂಗೀತ, ಮನರಂಜನೆಗೂ ಅನ್ವಯವಾಯಿತು. ಲಂಡನ್ನಿನ ರಾಯಲ್ ಒಪೇರಾ ಹೌಸ್‌ನಲ್ಲಿ 2012ರಲ್ಲಿ ತಾಲೀಮು ನಡೆಯುವಾಗ ಹಿತ್ತಾಳೆ ವಾದ್ಯಗಳ ಮುಂದೆ ಕೂತಿದ್ದ ವಯೋಲಾ ವಾದಕರೊಬ್ಬರ ಕಿವಿ ಕೆಟ್ಟಿತು. ಅವರು ಕೋರ್ಟಿಗೆ ಹೋದರು, 2018ರಲ್ಲಿ ಗೆದ್ದರು. ಸುಂದರವಾದ ಸಂಗೀತಕ್ಕೆ ಸದ್ದು ಅನಿವಾರ್ಯ ಅನ್ನುವ ಸಮರ್ಥನೆಯನ್ನು ಕೋರ್ಟು ಒಪ್ಪಲಿಲ್ಲ. ಇನ್ನು ಕೇಳುವ ಜನರ ಮಟ್ಟಿಗೆ, ಕಾರ್ಯಕ್ರಮಗಳಲ್ಲಿ ಸದ್ದು ಸರಾಸರಿ 100 ಡೆಸಿಬಲ್ ಮೀರಬಾರದು, ಅದನ್ನು 15 ನಿಮಿಷದ ಸರಾಸರಿಯಲ್ಲಿ ಅಳೆಯಬೇಕು, ಕಿವಿಗೆ ವಿಶ್ರಾಂತಿ ಕೊಡುವ ಶಾಂತ ಜಾಗ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ನಮ್ಮಲ್ಲಿ ಕೋರ್ಟಿಗೆ ಹೋಗುವ ಮಾಸ್ತರ್ ಯಾರಿದ್ದಾರೆ ಹೇಳಿ. ಸಂಭಾವನೆಯ ಚೆಕ್ ಬಂದರೆ ಸಾಕು ಅಂತ ಇರುತ್ತೇವೆ.

ಸಹಾಯ ಕೇಳಲು ಹೋದರೆ ಏನಾಗುತ್ತದೆ ಅನ್ನುವುದನ್ನೂ ಬರೆಯುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಂದ ಕಿವಿ ಅಂದರೆ ಎರಡೂ ಕಿವಿಯಲ್ಲಿ, ಮಾತಿನ ಸ್ವರಗಳಲ್ಲಿ, 60ರಿಂದ 70 ಡೆಸಿಬಲ್ ನಷ್ಟ. 70ಕ್ಕೆ ಮುಟ್ಟಿದರೆ ಕಿವುಡು. ಸೌಲಭ್ಯ ಬೇಕಂದರೆ ಸಾಮಾನ್ಯವಾಗಿ ಶೇ 40ರ ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು. ನನ್ನ ಕೆಳಗಿನ ಸ್ವರಗಳು ಇನ್ನೂ ಚೆನ್ನಾಗಿವೆ, ಮೇಲಿನವು ಹೋಗಿವೆ, ಸರಾಸರಿ ತೆಗೆದರೆ ನಾನು ಪಾಸು. ಸರ್ಟಿಫಿಕೇಟ್ ಕೊಡುವ ಕಡೆ ಇದ್ದವರು ನಗುತ್ತಾ "ನಿಮ್ಮದೇನೂ ಅಷ್ಟಿಲ್ಲ, ಖುಷಿಪಡಿ" ಅಂದರು. ಖುಷಿಪಡೋಣ. ಆದರೆ ಅದೇ ಕಿವಿ ಹೊತ್ತು ಒಂದು ಕಚೇರಿಗೆ ಹೋದೆ, ಕಲಾವಿದರ ಆಯ್ಕೆಯ ಸಂದರ್ಶನಕ್ಕೆ. ದೊಡ್ಡ ಹಾಲ್, ತಲೆ ಮೇಲೆ ಗರಗರ ಫ್ಯಾನು, ಹೊರಗೆ ರಸ್ತೆ ಸದ್ದು, ಮೇಜಿನ ಆ ತುದಿಯಲ್ಲಿ ಕೂತ ಮೂವರು ತಲೆ ಬಗ್ಗಿಸಿಕೊಂಡು, ನನ್ನ ಅರ್ಜಿ ಓದುತ್ತಾ ಪ್ರಶ್ನೆ ಕೇಳಿದರು. ಒಂದೂ ಸರಿಯಾಗಿ ಕೇಳಲಿಲ್ಲ. ಪೆಟ್ಟಿಗೆ ನುಡಿಸಿ ತೋರಿಸುತ್ತೇನೆ ಅಂದೆ, ಸಮಯವಿಲ್ಲ ಅಂದರು. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಸರ್ಟಿಫಿಕೇಟ್ ಕೊಡುವವರ ಲೆಕ್ಕದಲ್ಲಿ ನನ್ನ ಕಿವಿ ಸರಿಯಿದೆ, ಕೆಲಸ ಕೊಡುವವರ ಲೆಕ್ಕದಲ್ಲಿ ಕೆಟ್ಟಿದೆ. ನಾನು ಯಾರನ್ನು ನಂಬಲಿ?

ಕಿವಿಗೆ ಮಿಷನ್ (ಶ್ರವಣ ಸಾಧನ) ಹಾಕಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಿಕೊಂಡಿದ್ದೇನೆ, ಮಗ ಕೊಡಿಸಿದ. ಮನೆಯಲ್ಲಿ ಮಾತಾಡಲು ಬಹಳ ಉಪಕಾರವಾಗಿದೆ, ಇಲ್ಲ ಅನ್ನುವುದಿಲ್ಲ. ಹಾರ್ಮೋನಿಯಂ ಮುಂದೆ ಕೂತಾಗ ಕಥೆ ಬೇರೆ. ಈ ಮಿಷನ್ ಮಾಡಿರುವುದು ಮಾತಿಗಾಗಿ. ಮಾತು ಏರುತ್ತದೆ, ಇಳಿಯುತ್ತದೆ, ನಡುನಡುವೆ ನಿಲ್ಲುತ್ತದೆ. ಒಂದೇ ಸಮನೆ ಬರುವ ಸದ್ದು ಫ್ಯಾನಿನದು, ಮೋಟಾರಿನದು ಅಂತ ತಿಳಿದು ಮಿಷನ್ ಅದನ್ನು ತಾನಾಗಿಯೇ ಇಳಿಸುತ್ತದೆ. ಶ್ರುತಿ ಪೆಟ್ಟಿಗೆ ಹಾಕಿದರೆ ಸಾ-ಪಾ ಕೆಲವು ಕ್ಷಣ ಕೇಳಿ ಮೆಲ್ಲಗೆ ಹಿಂದೆ ಸರಿಯುತ್ತದೆ! ಪೆಟ್ಟಿಗೆಯಲ್ಲಿ ಒಂದೇ ಸ್ವರ ಎಳೆದು ಹಿಡಿದರೆ, ಅದು ತನ್ನದೇ ಸಿಳ್ಳೆ ಅಂತ ತಿಳಿದು ಅಳಿಸಲು ನೋಡುತ್ತದೆ, ಆಗ ಸ್ವರ ನಡುಗುತ್ತದೆ. ತಬಲಾದ ಪೆಟ್ಟು ಜೋರಾದರೆ ಒಡೆದ ಸದ್ದು. ಮಾರಿದವರ ಬಳಿ ಹೋಗಿ ಹೇಳಿದರೆ "ಅಭ್ಯಾಸ ಆಗುತ್ತೆ ಸರ್" ಅಂದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ವಾಕ್ ಶ್ರವಣ ಸಂಸ್ಥೆಯ ಹೆಸರು ನೀವು ಕೇಳಿರಬಹುದು, ಅಂಥ ಕಡೆ ಕಲಿತ ಒಬ್ಬ ಹುಡುಗಿ ಕೊನೆಗೆ ನನ್ನ ಕಷ್ಟ ಅರ್ಥ ಮಾಡಿಕೊಂಡಳು. ಪೆಟ್ಟಿಗೆ ತೆಗೆದುಕೊಂಡು ಬನ್ನಿ ಅಂದಳು. ಅಲ್ಲೇ ನುಡಿಸಿದೆ. ಗದ್ದಲ ತಗ್ಗಿಸುವುದನ್ನು, ಸಿಳ್ಳೆ ಅಳಿಸುವುದನ್ನು ಆದಷ್ಟು ಬಂದ್ ಮಾಡಿ, ಸಂಗೀತಕ್ಕೆ ಅಂತ ಬೇರೆ ಪ್ರೋಗ್ರಾಂ ಹಾಕಿ ಕೊಟ್ಟಳು. ಈಗ ಗುಂಡಿ ಒತ್ತಿದರೆ ಸಂಗೀತದ್ದು, ಮತ್ತೆ ಒತ್ತಿದರೆ ಮಾತಿನದು. ಮೊದಲಿನ ಕಿವಿ ಬರಲಿಲ್ಲ, ಆದರೆ ಶ್ರುತಿ ನಿಲ್ಲುತ್ತದೆ. ಇದಕ್ಕೆ ಹೊಸ ಮಿಷನ್ನೇನೂ ಬೇಕಾಗಲಿಲ್ಲ, ಗೊತ್ತಿರುವವರು ಬೇಕಿತ್ತು.

ಮಿಕ್ಕಂತೆ ನನ್ನ ದಾರಿ ನಾನು ಮಾಡಿಕೊಂಡಿದ್ದೇನೆ. ನಟರ ಬಾಯಿ ಕಾಣುವ ಹಾಗೆ ಕೂರುತ್ತೇನೆ. ತಬಲಾದವರಿಗೆ ಮೊದಲೇ ಹೇಳಿರುತ್ತೇನೆ, ಪದ್ಯ ಬರುವ ಮುಂಚೆ ಅವರು ಗಲ್ಲ ಎತ್ತಿ ಸನ್ನೆ ಮಾಡುತ್ತಾರೆ. ಇಡೀ ನಾಟಕದ ಮಾತು ಬಾಯಿಪಾಠ ಇದ್ದರೆ ಇನ್ನೂ ಒಳ್ಳೆಯದು, ಹಳ್ಳಿ ನಾಟಕದವರು ಮಾತು ನುಂಗುತ್ತಾರೆ ಅನ್ನುವುದೊಂದೇ ತೊಡಕು. ಖರ್ಜದ, ಅಂದರೆ ಕೆಳಗಿನ ಸ್ವರದ, ರೀಡ್ ಜಾಸ್ತಿ ಬಳಸುತ್ತೇನೆ, ಅದು ಕಿವಿಗೆ ಚೆನ್ನಾಗಿ ಸಿಗುತ್ತದೆ, ಬೆರಳಿಗೂ ಅದರ ನಡುಕ ಗೊತ್ತಾಗುತ್ತದೆ. ಇದನ್ನು ಕೇಳಿ ಕೆಲವರು ಜರ್ಮನಿಯ ಸಂಗೀತಗಾರ ಬೀಥೋವನ್ ಕಥೆ ಹೇಳಲು ಶುರು ಮಾಡುತ್ತಾರೆ. ದಯವಿಟ್ಟು ಬೇಡ. ಅವರು ಪೂರ್ತಿ ಕಿವುಡಾದ ಮೇಲೂ ಸಂಗೀತ ಬರೆದರು, 1824ರಲ್ಲಿ ಒಂಬತ್ತನೇ ಸಿಂಫನಿ ಜನರ ಮುಂದಿಟ್ಟರು, ನಿಜ. ಆದರೆ ಜನರ ಮುಂದೆ ಪಿಯಾನೋ ನುಡಿಸುವುದನ್ನು 1815ರ ಹೊತ್ತಿಗೇ ಬಿಟ್ಟಿದ್ದರು. ನಾವು ಬರೆಯುವವರಲ್ಲ, ಇನ್ನೊಬ್ಬರ ಹಾಡಿಗೆ ಜೊತೆ ಕೊಡುವವರು. ಜೊತೆ ಕೊಡಲು ಅವರ ಹಾಡು ಕೇಳಿಸಬೇಕು.

ಈಗ ನನ್ನ ಬೇಡಿಕೆಗಳು. ಮೊದಲನೆಯದಕ್ಕೆ ನಿಮಗೆ ಒಂದು ರೂಪಾಯಿಯೂ ಖರ್ಚಿಲ್ಲ. ಅನುದಾನದ ಆದೇಶದಲ್ಲಿ, ಸೌಂಡಿನವರಿಗೆ ಕೊಡುವ ವರ್ಕ್ ಆರ್ಡರಿನಲ್ಲಿ ಒಂದೆರಡು ಸಾಲು ಸೇರಿಸಿ: ವಾದಕರು ಕೂರುವ ಜಾಗದಿಂದ ಬಾಕ್ಸ್ ಕನಿಷ್ಠ 12 ಅಡಿ ದೂರ ಇರಬೇಕು, ಅಲ್ಲಿ ಸದ್ದು ಎಷ್ಟಿದೆ ಅಂತ ಕಾರ್ಯಕ್ರಮ ಶುರುವಾಗುವ ಮುಂಚೆ ಅಳೆದು ಬರೆದಿಡಬೇಕು. ಬಯಲಿನಲ್ಲಿ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. 3 ಅಡಿಯಲ್ಲಿರುವ ಬಾಕ್ಸನ್ನು 12 ಅಡಿಗೆ ಸರಿಸಿದರೆ 12 ಡೆಸಿಬಲ್. ಮೇಲೆ ಹೇಳಿದ ಲೆಕ್ಕದಲ್ಲಿ 15 ನಿಮಿಷ ಇದ್ದ ಕಿವಿಯ ಆಯಸ್ಸು 4 ಗಂಟೆಗೆ ಏರುತ್ತದೆ. ಫೋಟೋಕ್ಕೆ ತೊಂದರೆಯಾದರೆ ಬಾಕ್ಸನ್ನು ಪಕ್ಕಕ್ಕೆ ತಿರುಗಿಸಿ, ಅತಿಥಿಗಳನ್ನು ಸ್ವಲ್ಪ ಒತ್ತಿ ಕೂರಿಸಿ.

ಎರಡನೆಯದು ಪರೀಕ್ಷೆ. ಕೇಂದ್ರ ಸರ್ಕಾರದ ಕಿವುಡುತನ ತಡೆಯುವ ಕಾರ್ಯಕ್ರಮ 2006ರಿಂದ ಇದೆ. ಮಾರ್ಚ್ 3 ವಿಶ್ವ ಶ್ರವಣ ದಿನ, ಆ ದಿನ ಬ್ಯಾನರ್ ಕಟ್ಟಿ ಜಾಥಾ ಮಾಡುವುದರ ಜೊತೆಗೆ ಜಿಲ್ಲೆಯ ವಾದಕರನ್ನು ಕರೆಸಿ ಒಂದು ಆಡಿಯೋಗ್ರಾಂ ಮಾಡಿಸಿ. ಡೊಳ್ಳು, ಹಲಗೆ, ನಾಸಿಕ್ ಡೋಲು ಬಾರಿಸುವ ಹುಡುಗರನ್ನು ಮೊದಲು ಕರೆಯಿರಿ. ನನ್ನದು ಹೋಯಿತು, ಅವರದು ಇನ್ನೂ ಉಳಿದಿದೆ. ವೃತ್ತಿ ರಂಗಭೂಮಿ ರಂಗಾಯಣ ನಮ್ಮ ದಾವಣಗೆರೆಯಲ್ಲೇ ಇದೆ, ಹೊಸಬರಿಗೆ ತರಬೇತಿ ಕೊಡುವಾಗ ಕಿವಿಯ ಬಗ್ಗೆಯೂ ಒಂದು ಪಾಠ ಇಡಬೇಕು ಅಂತ ಅವರಲ್ಲೂ ವಿನಂತಿ. ವಾದಕರಿಗೆ ಅಂತಲೇ ಮಾಡಿದ ಇಯರ್‌ಪ್ಲಗ್ ಸಿಗುತ್ತವೆ, ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಸಮನಾಗಿ ಇಳಿಸುತ್ತವೆ, ಹಾಕಿಕೊಂಡರೆ ಸ್ವರ ಮಂಕಾಗುವುದಿಲ್ಲ. ನಮ್ಮ ಕಾಲದಲ್ಲಿ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದೆವು, ಹತ್ತಿಯ ಊರಿನವರು ನೋಡಿ. ಅದರಿಂದ ಕೆಲವೇ ಡೆಸಿಬಲ್ ತಡೆಯುತ್ತದೆ, ಸುಮ್ನೆ ಸಮಾಧಾನಕ್ಕೆ.

ಮೂರನೆಯದು ಮಿಷನ್. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ದಾಟಿದ ಬಡ ಹಿರಿಯರಿಗೆ ಊರುಗೋಲು, ಕನ್ನಡಕದ ಜೊತೆ ಶ್ರವಣ ಸಾಧನವನ್ನೂ ಉಚಿತವಾಗಿ ಕೊಡುತ್ತಾರೆ. ನಮ್ಮ ಕಲಾವಿದರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಮಾಸಾಶನ ಪಡೆಯುವ ಕಲಾವಿದರ ಪಟ್ಟಿ ಸರ್ಕಾರದ ಹತ್ತಿರವೇ ಇದೆ, ಶಿಬಿರ ಇರುವಾಗ ಆ ಪಟ್ಟಿಯವರಿಗೆ ಒಂದು ಕಾಗದ ಹಾಕಿಸಿ. ಮಿಷನ್ ಕೂರಿಸುವಾಗ ವಾದ್ಯ ತರಲು ಹೇಳಿ. ಕೈಗೆ ಕೊಟ್ಟು ಫೋಟೋ ತೆಗೆದು ಕಳಿಸಿದರೆ ಅದು ಬೀರುವಿನಲ್ಲಿ ಕೂರುತ್ತದೆ.

ಇನ್ನೊಂದನ್ನು ಬೇಡಿಕೆ ಅನ್ನಬೇಕೋ ಬೇಡವೋ. ಆಯ್ಕೆಯ ಸಂದರ್ಶನ ಮಾಡುವವರು ವಾದಕನ ಕೈ ನೋಡಿ. ಪ್ರಶ್ನೆ ಕೇಳಲೇಬೇಕಾದರೆ ಫ್ಯಾನ್ ಆಫ್ ಮಾಡಿ, ಮುಖ ಎತ್ತಿ ಕೇಳಿ, ಅಥವಾ ಬರೆದು ಕೊಡಿ. ಕಿರುಚುವುದು ಬೇಡ. ದಾವಣಗೆರೆ ಕಂಪನಿ ನಾಟಕದ ಊರು, ನಮ್ಮ ರಂಗನಟಿ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂದಾಗ ಇಲ್ಲಿಯ ಜನ ಎದೆಯುಬ್ಬಿಸಿಕೊಂಡವರು. ಆ ಕಾಲದ ರಂಗಗೀತೆಗಳ ಮಟ್ಟು ಗೊತ್ತಿರುವ ಮಾಸ್ತರುಗಳು ಈಗ ಬೆರಳೆಣಿಕೆಯಷ್ಟು ಉಳಿದಿದ್ದಾರೆ, ಅವರಲ್ಲಿ ಹೆಚ್ಚಿನವರಿಗೆ ಕಿವಿ ಮಂದ. ಅವರನ್ನು ಜಾತ್ರೆಯ ಸ್ಟೇಜಿಗೆ ಕೂರಿಸಲು ಆಗದಿದ್ದರೆ ಶಾಂತವಾದ ಒಂದು ರೂಮಿನಲ್ಲಿ ಕೂರಿಸಿ ಹಾಡಿಸಿ, ರೆಕಾರ್ಡ್ ಮಾಡಿಕೊಳ್ಳಿ, ನಾಲ್ಕು ಹುಡುಗರಿಗೆ ಕಲಿಸಲು ಹಚ್ಚಿ. ಅವರ ತಲೆಯಲ್ಲಿರುವ ಹಾಡಿಗೆ ಏನೂ ಆಗಿಲ್ಲ.

ಸೌಂಡಿನ ಹುಡುಗರಿಗೆ ಬೇರೆಯಾಗಿ ಒಂದು ಮಾತು. ಬೈಯುತ್ತಿದ್ದೇನೆ ಅಂತ ತಿಳಿಯಬೇಡಿ. ದಿನಾ ರಾತ್ರಿ ಆ ಬಾಕ್ಸುಗಳ ನಡುವೆ ಇರುವವರು ನೀವು, ಡಿಜೆ ಗಾಡಿಯ ಮೇಲೆ ನಿಂತು ಗಣೇಶನ ಮೆರವಣಿಗೆ ಇಡೀ ಸಾಗುವವರು ನೀವು. ಕಾರ್ಯಕ್ರಮ ಮುಗಿದು ಮನೆಗೆ ಹೋದಾಗ ಕಿವಿಯಲ್ಲಿ ಕುಂಯ್ ಅನ್ನುತ್ತದೆಯಾ? ಬೆಳಿಗ್ಗೆ ಸರಿಹೋಗುತ್ತದೆ ಅಂತ ಸುಮ್ಮನಿರಬೇಡಿ. ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.

ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ಜಾತ್ರೆ, ಆಮೇಲೆ ಊರೂರಿನ ತೇರು, ಸುಗ್ಗಿ ಮುಗಿದರೆ ನಾಟಕಗಳ ಕಾಲ ಶುರುವಾಗುತ್ತದೆ. ಅಷ್ಟರೊಳಗೆ ಸಮಿತಿಯವರು, ಅಧಿಕಾರಿಗಳು, ಸೌಂಡಿನವರು ಒಂದು ಸಭೆ ಕರೆದರೆ ನಾನೂ ಬರುತ್ತೇನೆ, ಆಡಿಯೋಗ್ರಾಂ ಹಾಳೆಯನ್ನೂ ತರುತ್ತೇನೆ. ಸಭೆಯಲ್ಲಿ ಒಬ್ಬೊಬ್ಬರಾಗಿ ಮಾತಾಡಿ. ತಿಳಿಸುವಾಗ ಫೋನ್ ಮಾಡಬೇಡಿ, ಫೋನಿನಲ್ಲಿ ನನಗೆ ಮಾತು ಬಿಡಿಸಿ ಕೇಳುವುದಿಲ್ಲ. ವಾಟ್ಸಾಪಿನಲ್ಲಿ ಬರೆದು ಹಾಕಿ, ದಿನ, ಸಮಯ, ಜಾಗ ಮೂರೂ ಇರಲಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಹಾರ್ಮೋನಿಯಂ ಮಾಸ್ತರ್
ದಾವಣಗೆರೆ